ತೋಳಿನ ಒಳಗೆ ಹೊಲಿದ ಉತ್ತರಗಳು

ಟೈಲರಮ್ಮ ಆ ಮನೆಗೆ ಬಂದ ದಿನ ಲಿಫ್ಟ್ ಸಾಹೇಬ್ರನ್ನು ಕೂಲಿಯವರೆಂದುಕೊಂಡಳು.

ವಯಸ್ಸಾದವರಿಗಾಗಿ ನಗರಸಭೆ ನಡೆಸುವ ಮೂರು ಮಹಡಿಯ ಕಟ್ಟಡ ಅದು. ಲಿಫ್ಟ್‌ನೊಳಗೆ, ಗುಂಡಿಗಳ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಶರ್ಟ್ ತೊಟ್ಟು ಒಬ್ಬರು ನೆಟ್ಟಗೆ ನಿಂತಿದ್ದರು.

"ಎಷ್ಟನೇ ಮಹಡಿ ಅಮ್ಮಾ?"

"ಎರಡು. ತಗೊಳ್ಳಿ, ಇದು ಹೊಲಿಗೆ ಮೆಷಿನ್ನು. ಹುಷಾರು, ತಲೆಕೆಳಗು ಮಾಡ್ಬೇಡಿ."

ಅವರು ಮರುಮಾತಿಲ್ಲದೆ ಪೆಟ್ಟಿಗೆಯನ್ನು ಅವಳ ಕೋಣೆಯವರೆಗೆ ಹೊತ್ತು ತಂದರು. ಚಿಲ್ಲರೆ ಕೊಡಲು ಹೋದರೆ ಕೈಮುಗಿದು ನಕ್ಕು ಹೋದರು. ಮಧ್ಯಾಹ್ನ ಊಟದ ಕೋಣೆಯಲ್ಲಿ ನೋಡಿದರೆ ಅದೇ ಮನುಷ್ಯ ಎದುರು ಕುರ್ಚಿಯಲ್ಲಿ ಕುಳಿತು ಅನ್ನ ಕಲಸುತ್ತಿದ್ದಾರೆ.

"ಅಯ್ಯೋ, ನೀವೂ ಇಲ್ಲಿರೋರೇನಾ? ಹೇಳ್ಬಾರದಿತ್ತಾ?"

"ನೀವು ಕೇಳ್ಲೇ ಇಲ್ಲ. ಸೀದಾ ಹೊರಿಸಿಬಿಟ್ರಿ."

ಅವಳ ಪಕ್ಕದ ಮಂಚದ ಅಜ್ಜಿ ಬಾಯಲ್ಲಿದ್ದ ನೀರನ್ನು ಉಗುಳುವಷ್ಟು ನಕ್ಕಳು.

ಅವರು ಹನ್ನೊಂದು ಮಹಡಿಯ ಕಚೇರಿಯೊಂದರಲ್ಲಿ ನಲವತ್ತು ವರ್ಷ ಲಿಫ್ಟ್ ನಡೆಸಿದವರು. ಮದುವೆಯಾಗಿರಲಿಲ್ಲ. ಎಲ್ಲರೂ ಅವರನ್ನು ಲಿಫ್ಟ್ ಸಾಹೇಬ್ರು ಎನ್ನುತ್ತಿದ್ದರು. ಅವಳು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಣ್ಣು ಸವೆಸಿದವಳು. ಗಂಡ ಹೋಗಿ ಎಷ್ಟೋ ಕಾಲವಾಗಿತ್ತು. ಗಂಡನ ಮುಖ ನೆನೆಯಲು ಈಗ ಫೋಟೋ ಬೇಕಾಗುತ್ತಿತ್ತು.

"ನಿಮ್ಮ ಎಡಭುಜ ಅರ್ಧ ಇಂಚು ಇಳಿದಿದೆ" ಎಂದಳು ಒಂದು ಸಂಜೆ.

"ಹಾಗೆ ನೋಡ್ತಾರಾ ಯಾರಾದ್ರೂ?"

"ಟೈಲರ್ ಕಣ್ಣು. ಏನ್ ಮಾಡೋದು."

"ನನ್ನದು ಲಿಫ್ಟ್‌ನವನ ಕಣ್ಣು. ನಲವತ್ತು ವರ್ಷ ಜನರ ಅರ್ಧ ಮುಖ ಮಾತ್ರ ನೋಡಿದೀನಿ. ಒಳಗೆ ಬಂದವರೆಲ್ಲ ಬಾಗಿಲ ಕಡೆ ತಿರುಗಿ ನಿಂತ್ಕೊಳ್ತಾರಲ್ಲ."

"ಈಗ?"

"ಈಗ ಬಾಕಿ ಅರ್ಧ ನೋಡ್ತಿದೀನಿ."

ಅವಳು ಸೆರಗು ಸರಿಪಡಿಸಿಕೊಂಡಳು. ಸರಿಯಾಗಿಯೇ ಇತ್ತು. ಅರವತ್ತೆಂಟನೆಯ ವಯಸ್ಸಿನಲ್ಲಿ ಕಿವಿ ಬಿಸಿಯಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಭುಜದ ಅರ್ಧ ಇಂಚನ್ನು ಲೆಕ್ಕಕ್ಕೆ ಹಿಡಿದು ಅವಳು ಅವರಿಗೆ ಎರಡು ತುಂಬುತೋಳಿನ ಶರ್ಟ್ ಹೊಲಿದುಕೊಟ್ಟಳು. ಕನ್ನಡಿ ಮುಂದೆ ನಿಂತ ಅವರು ಎರಡೂ ಭುಜ ಸವರಿ ನೋಡಿಕೊಂಡರು. ಆಮೇಲೆ, "ಇಷ್ಟು ವರ್ಷ ನಾನು ಸೊಟ್ಟ ಅಂದ್ಕೊಂಡಿದ್ದೆ. ಶರ್ಟ್ ಸೊಟ್ಟ ಇದ್ದಿದ್ದು" ಎಂದರು.

ಅದಾಗಿ ವರ್ಷ ತುಂಬುವ ಹೊತ್ತಿಗೆ, ಒಂದು ಬೆಳಿಗ್ಗೆ, ಕಾರಿಡಾರಿನಲ್ಲಿ ಎದುರಾದ ಅವಳನ್ನು ಅವರು ಮರ್ಯಾದೆಯಿಂದ ಕೇಳಿದರು: "ಹೊಸದಾಗಿ ಬಂದ್ರಾ ಅಮ್ಮಾ?"

ಅವಳು ತಮಾಷೆ ಎಂದುಕೊಂಡು ನಕ್ಕಳು. ಅವರು ನಗಲಿಲ್ಲ.

ಮೂರನೇ ಮಹಡಿ ಮರೆವಿನವರದು. ಅಲ್ಲಿಯ ಬಾಗಿಲಿಗೆ ಸದಾ ಬೀಗ. ಎರಡನೇ ಮಹಡಿಯವರಿಗೆ ಪ್ರತಿ ತಿಂಗಳ ಮೊದಲ ಸೋಮವಾರ ಹೆಡ್ ನರ್ಸ್ ಹತ್ತು ಪ್ರಶ್ನೆ ಕೇಳುತ್ತಿದ್ದರು. ಇವತ್ತು ಯಾವ ವಾರ, ಯಾವ ತಿಂಗಳು, ನಿಮ್ಮ ಕೋಣೆಯ ನಂಬರ್ ಎಷ್ಟು, ಹೀಗೆ. ಏಳು ಸರಿಯಾದರೆ ಇಲ್ಲೇ. ಕಡಿಮೆಯಾದರೆ ಮೇಲೆ. ಮೇಲೆ ಹೋದವರನ್ನು ಗಂಡನೋ ಹೆಂಡತಿಯೋ ರಕ್ತಸಂಬಂಧಿಯೋ ಮಾತ್ರ ನೋಡಬಹುದು.

ಟೈಲರಮ್ಮ ಬಸ್ ಹತ್ತಿ ಹಿರಿಯ ನಾಗರಿಕರ ಸಹಾಯ ಕೇಂದ್ರಕ್ಕೆ ಹೋದಳು. ಕೌಂಟರಿನ ಹುಡುಗಿ ಒಳ್ಳೆಯವಳು. ಕುರ್ಚಿ ಎಳೆದು ಕೂರಿಸಿ, ಕಂಪ್ಯೂಟರ್ ನೋಡಿ, ಒಮ್ಮೆಗೆ ಹೇಳದೆ ನಿಧಾನವಾಗಿ ಹೇಳಿದಳು.

"ಮೂರನೇ ಮಹಡಿ ಖರ್ಚು ಇಲ್ಲಿಗಿಂತ ಮೂರು ಪಟ್ಟು ಅಮ್ಮಾ. ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ನಗರಸಭೆ ಕೊಡುತ್ತೆ. ನೀವು ಮದುವೆ ಆದ್ರೆ ನಿಮ್ಮ ಪಿಂಚಣಿನೂ ಲೆಕ್ಕಕ್ಕೆ ಬರುತ್ತೆ. ನೆರವು ನಿಂತುಹೋಗುತ್ತೆ. ಇಬ್ಬರ ಪಿಂಚಣಿ ಸೇರಿದ್ರೂ ಅವರೊಬ್ಬರ ಖರ್ಚಿಗೆ ಸಾಲಲ್ಲ."

"ಆಗ ಎಲ್ಲಿರ್ತೀವಿ?"

ಹುಡುಗಿ ಮತ್ತೆ ಕಂಪ್ಯೂಟರ್ ಕಡೆ ತಿರುಗಿದಳು.

"ಸ್ನೇಹಿತೆ ಅಂತ ಬರ್ಕೊಳ್ಳಿ."

"ಆ ಕಾಲಂ ಇಲ್ಲಮ್ಮ."

"ಹೆಂಡತಿ ಆದ್ರೆ ಜಾಗ ಹೋಗುತ್ತೆ. ಆಗದಿದ್ರೆ ನೋಡೋದೂ ಹೋಗುತ್ತೆ. ಅಲ್ವಾ?"

"ಹೌದಮ್ಮ" ಎಂದಳು ಹುಡುಗಿ. ಅವಳ ಕಣ್ಣು ತುಂಬಿದ್ದನ್ನು ಕಂಡು ಟೈಲರಮ್ಮನೇ ಸಮಾಧಾನ ಹೇಳಿ ಬಂದಳು.

ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಾಗ ಅವಳಿಗೆ ಹೊಳೆದ ಉಪಾಯ ಒಂದೇ. ಅವಳಿಗೆ ಬರುತ್ತಿದ್ದ ವಿದ್ಯೆಯೂ ಅದೊಂದೇ.

ಸೋಮವಾರದ ಹಿಂದಿನ ಮಧ್ಯಾಹ್ನ ಅವರ ಶರ್ಟ್ ತರಿಸಿಕೊಂಡು, ಎಡತೋಳಿನ ಪಟ್ಟಿಯ ಒಳಮಗ್ಗುಲಲ್ಲಿ, ಬಟ್ಟೆಯದೇ ಬಣ್ಣದ ದಾರದಿಂದ ಸಣ್ಣಗೆ ಹೊಲಿದಳು. ವಾರ. ತಾರೀಖು. ತಿಂಗಳು. ವರ್ಷ. ಕೋಣೆಯ ನಂಬರ್. ಬೀದಿಯ ಹೆಸರು. ಹೊರಗಿನಿಂದ ಏನೂ ಕಾಣದು. ಪಟ್ಟಿ ಮಡಚಿದರೆ ಮಾತ್ರ ಅಕ್ಷರ.

"ಕಾಪಿ ಹೊಡೀಬೇಕಾ ಈ ವಯಸ್ಸಲ್ಲಿ?" ಎಂದರು ಅವರು. ಅವತ್ತು ಅವರ ತಲೆ ತಿಳಿಯಾಗಿತ್ತು.

"ಹೊಡೀರಿ. ಫೇಲಾದ್ರೆ ನಾನು ಯಾರ ಜೊತೆ ಊಟಕ್ಕೆ ಕೂತ್ಕೊಳ್ಲಿ?"

ಅವರು ಅವಳ ಬೆರಳಿಗೆ ಅಂಟಿದ್ದ ದಾರದ ಎಳೆಯನ್ನು ಬಿಡಿಸಿದರು. ಬಿಡಿಸಿದ ಮೇಲೂ ಬೆರಳು ಬಿಡಲಿಲ್ಲ.

ನಾಲ್ಕು ತಿಂಗಳು ನಡೆಯಿತು. ಎಂಟು, ಎಂಟು, ಏಳು, ಏಳು. ಪ್ರತಿ ಬಾರಿ ಅವಳು ಹಳೆಯದನ್ನು ಕಿತ್ತು ಹೊಸದನ್ನು ಹೊಲಿಯುತ್ತಿದ್ದಳು. ಪಕ್ಕದ ಮಂಚದ ಅಜ್ಜಿ, "ಏನೇ, ಅದೇ ತೋಳಿಗೆ ಎಷ್ಟು ಸಲ ಹೊಲಿಗೆ ಹಾಕ್ತೀಯೆ, ಆ ಮನುಷ್ಯನ್ನೂ ಸೇರಿಸಿ ಹೊಲ್ಕೊಂಡ್ಬಿಡು" ಎಂದು ಕೆಣಕುತ್ತಿದ್ದಳು.

ಐದನೇ ಸಲದ ಸೋಮವಾರ, ಹಜಾರದಲ್ಲಿ ಅವಳು ತನ್ನ ಸರದಿಗೆ ಕಾಯುತ್ತ ಎರಡು ಕುರ್ಚಿಯಾಚೆ ಕುಳಿತಿದ್ದಳು. ತಿಂಡಿಯ ಹೊತ್ತಿನಲ್ಲಿ, "ತೋಳು ನೆನಪಿದೆ ತಾನೆ?" ಎಂದು ಕೇಳಿದ್ದಳು. ಅವರು ಖುಷಿಯಿಂದ ತಲೆಯಾಡಿಸಿದ್ದರು.

"ಇವತ್ತು ಯಾವ ವಾರ?" ಎಂದರು ಹೆಡ್ ನರ್ಸ್.

ಅವರು ಕನ್ನಡಕ ಸರಿಮಾಡಿಕೊಂಡು ತೋಳಿನ ಪಟ್ಟಿ ಮಡಚಿದರು. ನೋಡಿದರು. ಆ ತೋಳನ್ನು ಬಿಟ್ಟು ಇನ್ನೊಂದನ್ನು ಮಡಚಿದರು. "ಭಾನುವಾರ ಇರ್ಬೇಕು" ಎಂದರು. "ಆಫೀಸ್ ಬಾಗಿಲು ಹಾಕಿದೆ."

ಹತ್ತಕ್ಕೆ ಮೂರು. ನರ್ಸ್ ಕೆಟ್ಟವರಲ್ಲ. ಎರಡೆರಡು ಸಲ ಕೇಳಿದರು. ಬರೆಯುವಾಗ ತಲೆಯೆತ್ತಲಿಲ್ಲ.

ಹೊರಗೆ ಬಂದ ಅವರನ್ನು ಅವಳು ಕಾರಿಡಾರಿನಲ್ಲಿ ನಿಲ್ಲಿಸಿ ತೋಳನ್ನು ಮಡಚಿದಳು. ಬಟ್ಟೆಯಲ್ಲಿ ಸೂಜಿಯ ತೂತುಗಳಷ್ಟೇ ಉಳಿದಿದ್ದವು.

"ಇಲ್ಲಿದ್ದ ದಾರ ಏನಾಯ್ತು?"

"ಅದಾ? ಬೆಳಿಗ್ಗೆ ಕೂತು ಒಂದೊಂದೇ ಕಿತ್ತು ತೆಗೆದೆ." ಅವರ ಮುಖ ಕೆಲಸ ಮುಗಿಸಿದವನ ಹಾಗೆ ಬೆಳಗಿತ್ತು. "ಯಾರೋ ಅಡ್ಡಾದಿಡ್ಡಿ ಹೊಲಿದುಬಿಟ್ಟಿದ್ರು ಅಮ್ಮಾ. ಇದು ಟೈಲರಮ್ಮ ಹೊಲಿದ ಶರ್ಟು. ನಾಳೆ ಯಾರಾದ್ರೂ ನೋಡಿ ಅವರ ಕೈಕೆಲಸಕ್ಕೆ ಹೆಸರಿಟ್ರೆ?"

ಅವಳು ಮಡಚಿದ ತೋಳನ್ನು ಬಿಡಿಸಿ ಸರಿಮಾಡಿದಳು.

"ಟೈಲರಮ್ಮ ನಿಮಗೆ ಏನಾಗ್ಬೇಕು?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. ನಾಚಿಕೆಯಿಂದ ಕುತ್ತಿಗೆ ಕೆಂಪಾಗಿತ್ತು. "ಅದನ್ನ ಇನ್ನೂ ಅವರಿಗೇ ಹೇಳಿಲ್ಲ. ನಿಮಗೆ ಹೇಗೆ ಹೇಳ್ಲಿ?"

ಗುರುವಾರ ಅವರನ್ನು ಮೇಲೆ ಕರೆದೊಯ್ದರು. ಬಾಗಿಲವರೆಗೆ ಬರಲು ನರ್ಸ್ ಅವಳಿಗೆ ಬಿಟ್ಟರು. ಅವರ ಬಟ್ಟೆಯ ಚೀಲ ಅವಳೇ ಹಿಡಿದಿದ್ದಳು. ಅದರಲ್ಲಿ ಎರಡು ಶರ್ಟ್ ಮೇಲೆಯೇ ಇದ್ದವು. ನರ್ಸ್ ಬೀಗದ ಕಡೆ ತಿರುಗಿದಾಗ ಅವಳು ಕೇಳಿದಳು.

"ಟೈಲರಮ್ಮನಿಗೆ ಏನೋ ಹೇಳೋದಿದೆ ಅಂದ್ರಲ್ಲ. ನನಗೆ ಹೇಳಿ. ಈಗಲೇ ಮುಟ್ಟಿಸ್ತೀನಿ."

ಅವರು ಅವಳ ಮುಖವನ್ನು ಪೂರ್ತಿಯಾಗಿ, ತುಂಬ ಹೊತ್ತು ನೋಡಿದರು.

"ಬೇಡಮ್ಮ" ಎಂದರು. "ಅಂಥ ಮಾತನ್ನ ಬೇರೆಯವರ ಕೈಲಿ ಹೇಳಿ ಕಳಿಸಬಾರದು. ನಾನೇ ಬಂದು ಹೇಳ್ತೀನಿ."

"ಆಯ್ತು."

"ಕಾಯ್ತಾರೆ ಅಂತೀರಾ?"

ಬಾಗಿಲು ತೆರೆಯಿತು. ಒಳಗಿನಿಂದ ಫಿನಾಯಿಲ್ ವಾಸನೆ ಬಂತು.

"ಕಾಯ್ತಾರೆ" ಎಂದಳು. ಚೀಲವನ್ನು ಅವರ ಕೈಗೆ ಕೊಟ್ಟಳು.