ಎಡಗಿವಿಯ ಓಲೆ

"ಎಡಗಡೇದು ಒಂದು ಗ್ರಾಂ ಕಮ್ಮಿ. ವಾಪಸ್ ತಗೊಂಡ್ಹೋಗಿ!"

ತಕ್ಕಡಿಯಿಂದ ಓಲೆ ಎತ್ತಿ ಅವಳು ಹೀಗೆ ಹೇಳಿದ್ದು ಇದು ಮೂರನೇ ಸಲ. ಬೆಳ್ಳಿ ಒಡವೆಯ ಆ ಕಾರ್ಯಾಗಾರದಲ್ಲಿ ಒಂದೇ ಕೆಲಸ ಮೂರು ಸಲ ವಾಪಸ್ ಬಂದರೆ ಕೆಲಸಗಾರನಿಗೆ ಮನೆಯ ದಾರಿ ತೋರಿಸುತ್ತಾರೆ. ಒಡವೆಗಳ ತೂಕ ಪರೀಕ್ಷಿಸುವ, ಎಲ್ಲರೂ 'ತೂಕದ ಮೇಡಂ' ಎನ್ನುವ ಅವಳು ದಾಕ್ಷಿಣ್ಯಕ್ಕೆ ಬಗ್ಗಿದವಳಲ್ಲ.

ಆದರೆ ಎದುರು ಮೇಜಿನ ಈ ಅಕ್ಕಸಾಲಿಗ ಅವಳಿಗೆ ಇಷ್ಟವಾಗಿ ಆರು ತಿಂಗಳಾಗಿತ್ತು.

ಓಲೆಗಳೇನೋ ಕಣ್ಣು ಕೀಳಲಾಗದಂತಿದ್ದವು. ಪುರಾತನ ಗ್ರೀಕರ ಮಡಕೆಗಳ ಮೇಲಿರುವಂಥ, ಚೌಕ ಚೌಕವಾಗಿ ತಿರುಗುತ್ತ ಸಾಗುವ ಗೆರೆ. ನಡುವೆ ಕಡುಗೆಂಪು ಹರಳು.

"ಯಾರ ಆರ್ಡರ್ ಇದು?"

"ಒಬ್ಬರದ್ದು."

"ಆ ಒಬ್ಬರಿಗೆ ಮೋಸ ಮಾಡೋಕೆ ನಾಚಿಕೆ ಆಗಲ್ವಾ?"

ಅವನು ಎಡಗಡೆಯ ಓಲೆಯನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ತಕ್ಕಡಿಯ ಪಕ್ಕ ಇಟ್ಟ.

'ಬೆಳ್ಳಿ ಕದಿಯೋನನ್ನ ಇಷ್ಟಪಟ್ಟೆನಾ? ಥೂ!' ಅವಳು ಯಜಮಾನಿಯನ್ನು ಕರೆಸಿಯೇಬಿಟ್ಟಳು.

"ಏನಪ್ಪಾ, ಕೈಕೆಲಸ ಮರೆತುಹೋಯ್ತಾ, ಇಲ್ಲ ಕೈಚಳಕ ಜಾಸ್ತಿ ಆಯ್ತಾ?" ಎಂದರು ಯಜಮಾನಿ.

"ಬೆಳ್ಳಿ ನನ್ನದೇ ಅಮ್ಮಾ. ಬೇಕು ಅಂತ್ಲೇ ಕಮ್ಮಿ ಮಾಡಿದ್ದು. ಹಾಕ್ಕೊಳ್ಳೋರ ಎಡಗಿವಿ ಹರಿದು ಹೊಲಿಗೆ ಬಿದ್ದಿದೆ. ಭಾರ ತಡೆಯಲ್ಲ."

ಅವಳ ಕೈ ತಾನಾಗಿಯೇ ಎಡಗಿವಿಯ ಮೇಲಿನ ಕೂದಲಿಗೆ ಹೋಯಿತು. ಹನ್ನೆರಡನೇ ವಯಸ್ಸಿನಲ್ಲಿ ಅಕ್ಕನ ಭಾರದ ಓಲೆ ಹಾಕಿಕೊಂಡು ಓಡಿ ಹರಿದುಕೊಂಡ ಕಿವಿ ಅದು. ಅಂದಿನಿಂದ ಅವಳು ಓಲೆ ತೊಟ್ಟಿಲ್ಲ. ತಕ್ಕಡಿಯತ್ತ ಬಗ್ಗಿದಾಗ ಕೂದಲು ಸರಿಯುವುದನ್ನು ಅವನೊಬ್ಬನೇ ನೋಡಿದ್ದ.

"ಯಾರು ಅವರು? ಕರೆಸು. ಇಲ್ದಿದ್ರೆ ಇವತ್ತೇ ಲೆಕ್ಕ ಚುಕ್ತಾ," ಎಂದರು ಯಜಮಾನಿ.

"ಅವರು ಮುಚ್ಚಿಟ್ಕೊಂಡಿದ್ದನ್ನ ನಾನು ಹೇಳಲ್ಲಮ್ಮಾ. ಕೆಲಸ ಹೋದ್ರೆ ಹೋಗ್ಲಿ."

ಇಡೀ ಕಾರ್ಯಾಗಾರ ಕೈಕೆಲಸ ಬಿಟ್ಟು ನೋಡುತ್ತಿತ್ತು. ಅವಳು ಎಲ್ಲರೆದುರು ಕೂದಲನ್ನು ಹಿಂದಕ್ಕೆ ಸರಿಸಿದಳು.

"ನಾನೇ ಅಮ್ಮಾ. ಅವರನ್ನ ಕಳಿಸ್ಬೇಡಿ."

ಯಜಮಾನಿ ಇಬ್ಬರನ್ನೂ ನೋಡಿದರು. "ಅಯ್ಯೋ, ಇದನ್ನ ನೋಡೋಕೆ ನಾನು ಎರಡು ಮಹಡಿ ಹತ್ತಿ ಬರ್ಬೇಕಿತ್ತಾ!" ಎಂದು ಗೊಣಗುತ್ತ ಹೊರಟೇಹೋದರು.

"ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ ನಿಮಗೆ..."

"ಅಂದ್ರಿ. ಈಗ ಏನಂತೀರಿ?"

ಅವಳು ಕಣ್ಣೊರೆಸಿಕೊಂಡಳು. "ನೀವಂದ್ರೆ ನಂಗೆ ತುಂಬಾ ಇಷ್ಟ ಅಂತೀನಿ. ಸಾಕಾ?"

"ಒಂದೇ ಸಲಕ್ಕೆ ಸಾಕಾಗುತ್ತೇನ್ರೀ? ದಿನಾ ಹೇಳ್ಬೇಕು."

"ದಿನಾ ಕೇಳೋಕೆ ಇಲ್ಲೇ ಇರ್ತೀರಾ?"

"ಇನ್ನೆಲ್ಲಿಗೆ ಹೋಗ್ಲಿ?" ಎಂದ ಅವನು.