ಕಿತ್ತಳೆ ಬಣ್ಣದ ಬಟ್ಟೆ

ನಮ್ಮ ಸೈನಿಕರು ನೆಲದ ಮೇಲೆ ಕಿತ್ತಳೆ ಬಣ್ಣದ ಬಟ್ಟೆ ಹಾಸಿದ್ದರೆ, ಮೇಲಿಂದ ಗುಂಡು ಸುರಿಸುವ ಹೆಲಿಕಾಪ್ಟರು ಅವರನ್ನು ಬಿಟ್ಟು ಆಚೆ ಹೊಡೆಯಬೇಕು. ಅವತ್ತು ಅವರನ್ನೇ ಹೊಡೆಯಿತು. ಸತ್ತವರಲ್ಲಿ ನನ್ನ ತಮ್ಮನೂ ಒಬ್ಬ. "ಅವರು ಬಟ್ಟೆ ಹಾಸಿರಲಿಲ್ಲ" ಅಂತ ಹೆಲಿಕಾಪ್ಟರು ಹಾರಿಸಿದ ಸಾಹೇಬ ತಪ್ಪನ್ನು ಸತ್ತವರ ತಲೆಗೇ ಕಟ್ಟಿದ. ನಾಲಿಗೆ ಹೇಗೆ ಹೊರಳಿತೋ!

ಅದೇ ಹೆಲಿಕಾಪ್ಟರಿಗೆ ನಾನು ಮೆಕ್ಯಾನಿಕ್. ಮಾರನೇ ಮಧ್ಯಾಹ್ನ ಬ್ಯಾಟರಿ ಬಿಚ್ಚಿ ಕೆಳಗಿಟ್ಟು ಒಳಗೆ ಹತ್ತಿದೆ. ಅಂಥ ಬಿಸಿಲಲ್ಲೂ ಸೀಟು ತಣ್ಣಗೆ ಕೊರೆಯುತ್ತಿತ್ತು. ಕರೆಂಟಿಲ್ಲದ ರೇಡಿಯೋ ಕರಕರ ಅಂತು. ಆಮೇಲೆ ತಮ್ಮನ ದನಿ: "ಬಟ್ಟೆ ಹಾಸಿದ್ದೀವಿ. ಕಾಣ್ತಿಲ್ವಾ?"

ಸಾಹೇಬನನ್ನು ಎಳಕೊಂಡು ಬಂದು ಅದೇ ಸೀಟಲ್ಲಿ ಕೂರಿಸಿದೆ. ಕೇಳಿಸಿಕೊಂಡ. ಬೆವರಿದ. "ಆ ರೇಡಿಯೋ ಕಿತ್ತು ಬಿಸಾಕಯ್ಯಾ!" ಅಂತ ಅರಚಿದನೇ ಹೊರತು, ತಪ್ಪಾಯ್ತು ಅನ್ನಲಿಲ್ಲ.

ಕಿತ್ತು ಬಿಸಾಕಿದೆ. ಆ ಜಾಗದಲ್ಲಿ ಈಗ ಬರೀ ತೂತಿದೆ. ತಮ್ಮ ಇನ್ನೂ "ಕಾಣ್ತಿಲ್ವಾ?" ಅಂತ ಕೇಳುತ್ತಲೇ ಇದ್ದಾನೆ.