ಕೂಸಿನ ಖೋಲಿ

ಐದು ತಿಂಗಳ ಬಾಣಂತನ ಮುಗಿಸಿಕೊಂಡು ದೊಡವಾಡದ ತವರಿನಿಂದ ಬೈಲಹೊಂಗಲಕ್ಕೆ ಬಂದಿಳಿದ ಶೀತಲ್, ಕೂಸನ್ನು ಹೆಗಲಿಗೆ ಹಾಕಿಕೊಂಡೇ ತಮ್ಮ ಮಲಗುವ ಖೋಲಿಯ ಬಾಗಿಲು ತೆರೆದಳು. ತೆರೆದವಳು ಮೂಗಿನಲ್ಲೇ ನಕ್ಕಳು.

ಒಂದು ಗೋಡೆಗೆ ಗುಲಾಬಿ ಬಣ್ಣ, ಇನ್ನೊಂದಕ್ಕೆ ನೀಲಿ. ನೀಲಿ ಗೋಡೆಯ ಮೇಲೆ ಕುತ್ತಿಗೆ ಸೊಟ್ಟಗಾದ ಜಿರಾಫೆಯ ಸ್ಟಿಕರ್. ಕಿಟಕಿಯ ಸುತ್ತ ಬಲೂನಿನ ಕಮಾನು. ನಟ್ಟನಡುವೆ ಝಾಲರಿನ ಪರದೆ ಹೊದ್ದ ದೊಡ್ಡದೊಂದು ಬೇಬಿ ಕಾಟ್. ಅದನ್ನು ದಾಟಿ ಮಂಚಕ್ಕೆ ಹೋಗಬೇಕೆಂದರೆ ಮೈ ಅಡ್ಡ ಮಾಡಿಕೊಂಡು ನುಸುಳಬೇಕು. ಅವಳ ಸೀರೆಗಳಿದ್ದ ತಿಜೋರಿ ಪಡಸಾಲೆಯ ಪಾಲಾಗಿತ್ತು. ಕೂಸಿನ ಅರಿವೆ ಇಡಲು ಗೇಣು ಜಾಗವಿಲ್ಲ. ಆದರೆ ಗೋಡೆಯ ಮೇಲೆ 'ಬೇಬಿ' ಎಂದು ಇಂಗ್ಲಿಷಿನಲ್ಲಿ ಮಿನುಗುವ ದೀಪದ ಅಕ್ಷರಗಳು. ಖೋಲಿಯಲ್ಲಿರುವುದು ಕೂಸೋ ಕುರಿಮರಿಯೋ ಎಂದು ಯಾರಿಗಾದರೂ ಅನುಮಾನ ಬಂದೀತೆಂದು ಇರಬೇಕು.

ಗಂಡ ಕಲ್ಮೇಶ ಬಾಗಿಲಿಗೆ ಆತು ನಿಂತಿದ್ದ. ಬಜಾರಿನಲ್ಲಿ ಬೋರ್‌ವೆಲ್ ಮೋಟರು ಮಾರುವ ಮನುಷ್ಯ. ಗಿರಾಕಿಗಳ ಮುಂದೆ ಎಷ್ಟು ಮಾತೋ ಹೆಂಡತಿಯ ಮುಂದೆ ಅಷ್ಟೇ ಮೂಕ. ಫೋನಿನಲ್ಲಿ ನೋಡಿ, ಕಲ್ಯಾಣ ಮಂಟಪ ಸಿಂಗರಿಸುವವರನ್ನು ಕರೆಸಿ ಮಾಡಿಸಿದೆ ಎಂದು ತಡವರಿಸಿದ.

“ಇದನ್ನ ಕೂಸಿಗಿ ಮಾಡ್ಸೀರೋ, ಫೋಟೋಕ್ಕ ಮಾಡ್ಸೀರೋ?” ಎಂದಳು ಶೀತಲ್.

ಅವನು ಉತ್ತರ ಅಲ್ಲೇ ಇದೆಯೆಂಬಂತೆ ಜಿರಾಫೆಯನ್ನು ನೋಡಿದ. ಅಷ್ಟರಲ್ಲಿ ಅವಳ ಕಣ್ಣು ಮಂಚದ ಮೇಲಿದ್ದ ಒಂಟಿ ತಲೆದಿಂಬಿನ ಮೇಲೆ ಬಿತ್ತು. ಕೇಳಿದರೆ, ಕೂಸಿನ ನಿದ್ದೆ ಕೆಡಬಾರದೆಂದು ತಾನು ಪಡಸಾಲೆಯಲ್ಲಿ ಹಾಸಿಕೊಂಡಿದ್ದೇನೆ ಎಂದವನೇ ಅಂಗಡಿಗೆ ಹೊರಟುಬಿಟ್ಟ.

ಅವಳ ಮೈಯೆಲ್ಲ ಉರಿಯಿತು. ಇಷ್ಟು ತಿಂಗಳಲ್ಲಿ ದೊಡವಾಡಕ್ಕೆ ಬಂದದ್ದೇ ಎರಡು ಸಲ. ಎರಡನೆಯ ಸಲವಂತೂ ಹೊಸ್ತಿಲ ಹತ್ತಿರದ ಕುರ್ಚಿಯಲ್ಲಿ ಕುಳಿತು, ಚಹಾ ಕುಡಿದು, ಮಗಳನ್ನು ದೂರದಿಂದಲೇ ನೋಡಿ ಬಸ್ಸು ಹತ್ತಿದ್ದ. ಇಂಥವನಿಗೆ ಹೆಂಡತಿ ಬೇಡ, ಮಗಳು ಬೇಡ, ತನ್ನ ನಿದ್ದೆಯೊಂದು ಬೇಕು. ಸೋಮವಾರ ಬರಲು ಅಣ್ಣನಿಗೆ ಫೋನು ಮಾಡಿ, ವಾಪಸು ಹೋಗುತ್ತೇನೆಂದು ಅತ್ತೆ ಬಾಯವ್ವನಿಗೆ ಕಡ್ಡಿ ಮುರಿದಂತೆ ಹೇಳಿದಳು.

ಬಾಯವ್ವ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಹೋಗಾಕಿ ಹೋಗವ್ವ. ಅಲ್ಲೀತನಕ ಕೂಸು ಎಲ್ಲಿ ಮಲಗಬೇಕು? ಆ ಖೋಲಿನರ ನೆಟ್ಟಗ ಮಾಡಿ ಹೋಗು.”

ಮರುದಿನ ರವಿವಾರ, ಅಂಗಡಿ ಬಂದ್. ಕೂಸನ್ನು ಅತ್ತೆಗೆ ಕೊಟ್ಟು ಶೀತಲ್ ಸೆರಗು ಸಿಕ್ಕಿಸಿದಳು. ಬಲೂನುಗಳನ್ನು ಸೂಜಿಯಿಂದ ಒಂದೊಂದಾಗಿ ಒಡೆಯುವಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಜಿರಾಫೆ ಬಣ್ಣದ ಸಮೇತ ಕಿತ್ತು ಬಂತು. ತಿಜೋರಿ ಒಳಗೆ ಬರಬೇಕು, ಮಂಚ ಗೋಡೆಗೆ ಸರಿಯಬೇಕು, ಕಾಟ್ ಮಂಚದ ಮಗ್ಗುಲಲ್ಲಿ, ಕೈ ಚಾಚಿದರೆ ಕೂಸು ಸಿಗುವ ಹಾಗೆ. ಅವಳು ಹೇಳಿದಂತೆಲ್ಲ ಕಲ್ಮೇಶ ಬೆವರು ಸುರಿಸಿಕೊಂಡು ನೂಕಿದ, ಎತ್ತಿದ.

ಕಿಟಕಿಗೆ ಪರದೆ ಕಟ್ಟಲು ಅವಳು ಸ್ಟೂಲು ಹತ್ತಿದಾಗ ಅದನ್ನು ಹಿಡಿದು ನಿಂತವನ ಕಣ್ಣು ಅವಳ ಮುಖದ ಮೇಲೆಯೇ ಇತ್ತು.

“ಸ್ಟೂಲ್ ನೋಡ್ರಿ,” ಎಂದಳು. ಅವನ ಕಿವಿಗಳು ಕೆಂಪಾದವು. ಅದನ್ನು ನೋಡಿ ಅವಳಿಗೆ ನಗು ಬರುವಂತಾಯಿತು. ನಗಲಿಲ್ಲ, ಸಿಟ್ಟು ಇನ್ನೂ ಬಾಕಿ ಇತ್ತು.

ಒಲೆಯ ಮೇಲೆ ಹಾಲು ಉಕ್ಕುತ್ತದೆಂದು ಬಾಯವ್ವ ಕೂಸನ್ನು ತಂದುಕೊಟ್ಟು ಹೋದಳು. ಶೀತಲ್ ಅದನ್ನು ಹಾಗೆಯೇ ಗಂಡನತ್ತ ಚಾಚಿದಳು. ಕಲ್ಮೇಶ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಿಜೋರಿಗೆ ತಾಗುವವರೆಗೆ ಹಿಂದೆ ಸರಿದ.

“ಮಗಳನ್ನ ಮುಟ್ಟಿದ್ರ ಮೈ ಕರಗತೈತೇನ್ರಿ?”

ಅವನು ಅವಳನ್ನು ನೇರವಾಗಿ ನೋಡಿದ. “ದೊಡವಾಡಕ್ಕ ಮೊದಲನೇ ಸಲ ಬಂದು ಎತ್ಕೊಂಡಾಗ ನೀ ಏನಂದಿ? ಕಲ್ಲಂಗಡಿ ಹಿಡದಂಗ ಹಿಡದಾರ ನೋಡ್ರಿ ಅಂದಿ. ನಿಮ್ಮ ಕಾಕಿಗೋಳೆಲ್ಲಾ ನಕ್ಕರು. ಎಲ್ಲಾರಕಿಂತ ಹೆಚ್ಚಿಗಿ ನೀನ ನಕ್ಕಿ. ಆವಾಗಿಂದ ಆಕಿ ಹತ್ರ ಬಂದ್ರ ಕೈ ನಡಗತಾವ. ನನ್ನ ಕೈಯಾಗಿಂದ ಬಿದ್ದಳಂದ್ರ?”

ಅವಳು ಅದನ್ನು ಅಂದೇ ಸಂಜೆಗೆ ಮರೆತಿದ್ದಳು. ಇವನು ಇಷ್ಟು ದಿನ ಎದೆಯಲ್ಲಿಟ್ಟುಕೊಂಡು ತಿರುಗಿದ್ದ. ಗಂಡನ ಮೇಲಿದ್ದ ತಾತ್ಸಾರವೆಲ್ಲ ಸರಕ್ಕನೆ ತನ್ನ ನಾಲಿಗೆಯ ಮೇಲೆಯೇ ತಿರುಗಿತು. ಮಹಾ ಜಾಣೆ, ಎಂದು ತನ್ನನ್ನೇ ಹಳಿದುಕೊಂಡಳು.

ಕ್ಷಮೆ ಕೇಳುವುದು ಅವಳಿಗೆ ಬಾರದು. “ಕುಂಡ್ರಿ ಇಲ್ಲೆ,” ಎಂದು ತೋಳು ಹಿಡಿದು ಮಂಚದ ಮೇಲೆ ಕೂರಿಸಿದಳು. ಕಾಲು ಮಡಚಿಸಿ, ಮೊಣಕೈ ಬಾಗಿಸಿ, ಕೂಸನ್ನು ಅಲ್ಲಿಟ್ಟಳು. ಬೆನ್ನಿಗಿಷ್ಟು ಆಸರೆ ಕೊಟ್ಟರೆ ಸಾಕು, ಉಳಿದದ್ದು ಮಗಳೇ ನೋಡಿಕೊಳ್ಳುತ್ತಾಳೆ ಎಂದಳು.

ಕೂಸು ಅಪ್ಪನ ಅಂಗಿಯ ಕಾಲರು ಹಿಡಿದು ಬಾಯಿಗೆ ಎಳೆದುಕೊಂಡಿತು. ಕಲ್ಮೇಶ ಉಸಿರು ಬಿಗಿಹಿಡಿದ. ನಡುಗುತ್ತಿದ್ದ ಅವನ ಕೈಯ ಕೆಳಗೆ ಶೀತಲ್ ತನ್ನ ಅಂಗೈ ಇಟ್ಟಳು. ನಡುಕ ನಿಂತ ಮೇಲೂ ತೆಗೆಯಲಿಲ್ಲ.

ಕೂಸು ಅಲ್ಲೇ ನಿದ್ದೆ ಹೋಯಿತು. ಶೀತಲ್ ಎದ್ದು ಹೋಗಿ ಅಣ್ಣನಿಗೆ ಬರಬೇಡವೆಂದು ಫೋನು ಮಾಡಿ, ಪಡಸಾಲೆಯಲ್ಲಿದ್ದ ಗಂಡನ ದಿಂಬು ತಂದು ಮಂಚದ ಮೇಲೆ ಒಗೆದಳು.

“ನೀ ಇಲ್ಲದ ಈ ಖೋಲ್ಯಾಗ ನನಗ ನಿದ್ದಿ ಬರ್ತಿದ್ದಿಲ್ಲ,” ಎಂದ ಅವನು, ಕೂಸು ಎದ್ದೀತೆಂದು ಪಿಸುದನಿಯಲ್ಲಿ. “ಏನರ ಛಂದ ಮಾಡಿ ಫೋಟೋ ಕಳಿಸಿದ್ರ ಲಗೂ ಬರ್ತಿ ಅನಕೊಂಡೆ. ಕಳಸಾಕ ಧೈರ್ಯ ಸಾಲಲಿಲ್ಲ.”

“ಇಷ್ಟ ಹೇಳಾಕ ಗೋಡಿಗೆಲ್ಲಾ ಬಣ್ಣಾ ಬಳೀಬೇಕಾಗಿತ್ತೇನ್ರಿ? ಒಂದ್ ಫೋನ್ ಮಾಡಿದ್ರ ಆಗ್ತಿದ್ದಿಲ್ಲ?”

“ಮಾಡಿದ್ರ ನೀ ನಗತಿದ್ದಿ.”

ಶೀತಲ್ ಪಕ್ಕದಲ್ಲಿ ಕುಳಿತು ಅವನ ಭುಜಕ್ಕೆ ಒರಗಿದಳು.

“ನಗತಿದ್ನಿ. ನಕ್ಕು, ಮುಂದಿನ ಬಸ್ಸಿಗೇ ಬರತಿದ್ನಿ.”